ಆಸ್ಪತ್ರೆ ಚೀಟಿಯ ಅಣ್ಣ

ಪ್ರೀತಿಯ ಅಣ್ಣನಿಗೆ,

ಹದಿನಾಲ್ಕು ವರ್ಷ ಯಜಮಾನ್ರೇ ಅಂದವನು ಇವತ್ತು ಅಣ್ಣ ಅಂತಿದ್ದಾನಲ್ಲ ಅಂತ ಹುಬ್ಬೇರಿಸಬೇಡಿ, ಮುಂದೆ ಓದಿ. ಅಕ್ಷರ ಸೊಟ್ಟಗಿವೆ, ಎಡಗೈಯವು. ಬಲಗೈಯ ಎರಡು ಬೆರಳು ನಿಮ್ಮ ಗರಗಸದ ಮಿಷಿನ್ನಿಗೆ ಹೋದವು. ಅಗಲದ ಹಲಗೆ ಕೊಯ್ಯೋಕೆ ಅಡ್ಡ ಅಂತ ಅದರ ಮುಚ್ಚಳ ಬಿಚ್ಚಿ ಮೂಲೆಗೆ ಎಸೆದವರು ನೀವೇ.

ನಿನ್ನೆ ಕಾರ್ಮಿಕ ಕಚೇರಿಯ ಮೇಡಂ ನನ್ನೆದುರೇ ಸ್ಪೀಕರ್ ಹಾಕಿ ನಿಮಗೆ ಫೋನ್ ಮಾಡಿದರು. "ಅವನ ಮುಖಾನೇ ನೋಡಿಲ್ಲ, ಬೇಕಾದ್ರೆ ಹಾಜರಿ ಪುಸ್ತಕ ನೋಡಿ" ಅಂದಿರಿ. ನನ್ನ ಕಿವಿಯಾರೆ ಕೇಳಿಸಿಕೊಂಡೆ. ಪುಸ್ತಕದಲ್ಲಿ ನಾನು ಎಲ್ಲಿರ್ತೀನಿ? ಶನಿವಾರ ಶನಿವಾರ ಕೂಲಿ ಕೈಗೆ ತುರುಕಿ ಸಾಗಹಾಕ್ತಿದ್ದಿರಿ.

ಕೂಲಿ ಹೇಗೇ ಕೊಟ್ಟಿರಲಿ, ಕೆಲಸಗಾರ ಕೆಲಸಗಾರನೇ, ಪರಿಹಾರ ಕೇಳಬಹುದು ಅಂದರು ಮೇಡಂ. ಅವರಿಗೂ ನಿನಗೂ ಸಂಬಂಧ ಇತ್ತು ಅನ್ನೋದಕ್ಕೆ ಏನಾದ್ರೂ ಇದೆಯಾ ಅಂತ ಕೇಳಿದರು.

ಆಸ್ಪತ್ರೆ ಚೀಟಿ ಮುಂದಿಟ್ಟೆ. ಅವತ್ತು ಪೊಲೀಸರು ಬಂದಾರು ಅಂತ ಹೆದರಿ, ಮನೇಲಿ ಬಾಗಿಲಿಗೆ ಸಿಕ್ಕಿ ಹೀಗಾಯ್ತು ಅಂತ ಬರೆಸಿ, ಕೆಳಗೆ ಅಣ್ಣ ಅಂತ ಸಹಿ ಹಾಕಿದ್ದೀರಲ್ಲ, ಅದೇ ಚೀಟಿ. ಮುಖಾನೇ ನೋಡದವನಿಗೆ ಅಣ್ಣ ಆದದ್ದು ಹೇಗೆ ಸ್ವಾಮಿ?

ನಾಳೆ ನನ್ನ ಹೆಂಡತಿ ಬರ್ತಾಳೆ, ನನ್ನ ಉಳಿಗಳ ಚೀಲ ಕೊಟ್ಟುಕಳಿಸಿ. ಸೋಮವಾರ ವಿಚಾರಣೆಗೆ ನೀವೂ ಬನ್ನಿ. ನಾನು ನಿಮ್ಮ ಕೆಲಸಗಾರ ಅಂತ ಒಪ್ಪಿದರೆ ಪರಿಹಾರ ಕೊಡಿ. ತಮ್ಮ ಅಂತಲೇ ಸಾಧಿಸೋದಾದರೆ, ಆ ಕಾರ್ಖಾನೆ ಅಪ್ಪ ಕಟ್ಟಿದ್ದು ಅಂತ ನೀವೇ ಹೇಳ್ತಿದ್ದಿರಿ. ನನ್ನ ಅರ್ಧ ಪಾಲು ಬಿಟ್ಟುಕೊಡಿ.

ಇಂತಿ,
ನಿಮ್ಮದೇ ಸಹಿಯ ಪ್ರಕಾರ
ನಿಮ್ಮ ತಮ್ಮ