ಏಳನೆಯ ಕಪ್

ಮಾರ್ಚ್ 3
ಇದನ್ನು ಬರೆಯದೇ ಬಿಡುವವಳಿದ್ದೆ. ನಿನ್ನೆ ಅಣ್ಣನ ಮನೆಯಲ್ಲಿರುವ ಅಪ್ಪ ಏಳನೆಯ ಕಪ್ ನೀರು ಕೇಳಿದರು. ಕೊಡಬೇಡಿ ಎಂದು ಅತ್ತಿಗೆಗೆ ಫೋನಿನಲ್ಲಿ ಹೇಳಿದವಳು ನಾನು.

ಹೃದಯದ ಡಾಕ್ಟರ್ ಹೇಳಿದ್ದು ದಿನಕ್ಕೆ 1500 ಎಂ.ಎಲ್., ಚಹಾ, ಸೂಪ್ ಎಲ್ಲ ಸೇರಿ. ಅತ್ತಿಗೆಗೆ ಎಂ.ಎಲ್. ಎಂದರೆ ತಲೆನೋವು. "ಕಪ್ಪಲ್ಲಿ ಹೇಳಿಬಿಡೇ." ಅಣ್ಣನ ಮನೆಯ ನೀಲಿ ಕಪ್ 250. ನಾನೇ ಕೊಟ್ಟ ಸೆಟ್. ಹಾಗಾಗಿ ಆರು.

ಅಪ್ಪ ಫೋನ್ ಕಿತ್ತುಕೊಂಡರು. "ಬಸ್ ಓಡಿಸುವಾಗ ರೇಡಿಯೇಟರ್‌ಗೂ ಇದಕ್ಕಿಂತ ಜಾಸ್ತಿ ಕುಡಿಸ್ತಿದ್ದೆ ಕಣಮ್ಮ."
ನಕ್ಕೆ. ಆದರೂ ಬೇಡ ಎಂದೆ.

ಮಾರ್ಚ್ 4
ಅಪ್ಪನಿಗೆ ಎದ್ದು ನಿಂತರೆ ತಲೆ ಸುತ್ತುತ್ತಿದೆಯಂತೆ. ಕ್ಯಾಲ್ಕುಲೇಟರ್‌ನಲ್ಲಿ ಮತ್ತೆ ನೋಡಿದೆ. ಆರೇ. ಹೆಚ್ಚಾದರೆ ಕಾಲು ಊದಿ ಉಸಿರು ಕಟ್ಟುತ್ತದೆ. ಕಡಿಮೆಯಾದರೆ...

ಮಾರ್ಚ್ 7, ಸಂಜೆ
ಅಪ್ಪ ಬಚ್ಚಲಲ್ಲಿ ಕುಸಿದು ಬಿದ್ದರು. ಬಸ್ ಹಿಡಿದು ಓಡಿಬಂದೆ. ಆಸ್ಪತ್ರೆ, ಡ್ರಿಪ್. ಮೈಯಲ್ಲಿ ನೀರೇ ಇಲ್ಲ ಎಂದರು ಡಾಕ್ಟರ್.
"ಆರಕ್ಕೆ ಆರೂ ಕೊಟ್ಟಿದ್ದೀನಿ ಡಾಕ್ಟ್ರೇ," ಎಂದರು ಅತ್ತಿಗೆ.

ಆಮೇಲೆ ಚಹಾ. ಅತ್ತಿಗೆ ಮನೆಯಿಂದ ತಂದ ನೀಲಿ ಕಪ್ಪಿಗೆ ಅರ್ಧ ಸುರಿದು ನಿಲ್ಲಿಸಿದರು.
"ಇಷ್ಟೇನಾ ಅತ್ತಿಗೆ?"
"ಮಾವಂಗೆ ಕೈ ನಡುಗುತ್ತಲ್ಲ. ತುಂಬಿಸಿದ್ರೆ ಎದೆ ಮೇಲೆ ಚೆಲ್ಕೋತಾರೆ. ಒರೆಸೋಕೆ ಹೋದ್ರೆ ನಾಚ್ಕೆ ಪಡ್ತಾರೆ. ಯಾವಾಗ್ಲೂ ಇಷ್ಟೇ ಹಾಕೋದು."

ಆರು ಸಲ ಅರ್ಧ ಕಪ್. 750 ಎಂ.ಎಲ್. ನನ್ನ ಲೆಕ್ಕದಲ್ಲಿ ಕಪ್ ಇತ್ತು, ಅಪ್ಪನ ಕೈ ಇರಲಿಲ್ಲ.

ಹೇಳಿದೆ. ಅತ್ತಿಗೆ ಮುಖ ಮುಚ್ಚಿಕೊಂಡರು. "ಮಾವನ್ನ ಒಣಗಿಸಿದ್ದು ನಾನೇ ಹಾಗಾದ್ರೆ."
"ಏಳನೇದು ಬೇಡ ಅಂದೋಳು ನಾನು."
ಅಪ್ಪ ಕಣ್ಣು ತೆರೆಯಲಿಲ್ಲ. "ಜಗಳ ಆಮೇಲಾಡಿ. ಮೊದ್ಲು ಉಳಿದರ್ಧ ಹಾಕಿ."

ಮಾರ್ಚ್ 11
ಅಪ್ಪ ಅಣ್ಣನ ಮನೆಗೆ, ನಾನು ನನ್ನ ಮನೆಗೆ. ಮುಚ್ಚಳ, ಎರಡು ಹಿಡಿ, ಪಕ್ಕದಲ್ಲಿ ಎಂ.ಎಲ್. ಗೆರೆಗಳಿರುವ ಕಪ್ ಕೊಂಡೆ. ತುಂಬಿಸಿ ಅಲುಗಾಡಿಸಿದೆ. ಚೆಲ್ಲಲಿಲ್ಲ. ಮತ್ತೆ ಅಲುಗಾಡಿಸಿದೆ. ಗೆರೆಯೇ ತಪ್ಪಿದ್ದರೆ? ಅಡುಗೆಮನೆಯ ಅಳತೆ ಜಾರಿನಿಂದ ಸುರಿದು ನೋಡಿದೆ. ಸರಿ ಇದೆ. ಜಾರ್ ತಪ್ಪಿದ್ದರೆ?

ಮಗುವಿನ ಕಪ್ ಎಂದು ಅಪ್ಪ ಮುಖ ತಿರುಗಿಸಿದರೆ?

ಪ್ಯಾಕ್ ಮಾಡಿದ್ದಾಗಿದೆ. ನಾಳೆ ಅಂಚೆ ಕಚೇರಿಗೆ ರಜೆ. ಇದು ತಲುಪುವವರೆಗೆ ಹನ್ನೆರಡು ಅರ್ಧ ಕಪ್ ಎಂದು ಅತ್ತಿಗೆಗೆ ಹೇಳಿದ್ದೇನೆ. ಎರಡು ಸಲ ಹೇಳಿಸಿಯೂ ನೋಡಿದೆ. ಮಾರ್ಚ್ 13ಕ್ಕೆ ಅಲ್ಲಿ ಬಾಗಿಲು ತೆರೆಯುತ್ತಲೇ ಪೋಸ್ಟ್ ಮಾಡಬೇಕು.