ಉತ್ತರ ಬರುವವರೆಗೆ

ಚಾಮರಾಜಪೇಟೆ,
೧೪ ನವೆಂಬರ್ ೨೦೨೪

ಪ್ರೀತಿಯ ತಂಗಿ ಹಂಸಾಳಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಿಂಗಳಾಯಿತು, ಬೈದುಕೋ. ಫೋನಿನಲ್ಲಾದರೆ ನೀನು ಅಳುತ್ತೀಯ, ಆಮೇಲೆ ನಿನ್ನನ್ನು ಸಮಾಧಾನ ಮಾಡುವ ಕೆಲಸವೂ ನನ್ನದೇ ಆಗುತ್ತದೆ. ಅದಕ್ಕೇ ಕಾಗದ.

ಮನೆಗೆ ಬೀಗ ಹಾಕಿ ತುಮಕೂರಿಗೆ ಬಂದುಬಿಡು ಎಂದಿದ್ದೀಯ. ಕೆಳಗಿನ ಮನೆಯ ಸುಂದರಮ್ಮನೂ ಅದನ್ನೇ ಹೇಳುತ್ತಾರೆ. "ಒಬ್ರೇ ಇದ್ಕೊಂಡು ಯಾರ್ ಜೊತೆ ಮಾತಾಡ್ತೀರ್ರೀ? ದಿನಾ ಬೆಳಿಗ್ಗೆ ಕೇಳಿಸುತ್ತೆ ನಂಗೆ" ಎಂದರು. "ಇಂಗ್ಲಿಷ್ ಕಲೀತಿದೀನಿ" ಎಂದೆ. ಸುಳ್ಳೇನಲ್ಲ.

ನಮ್ಮ ಮೋನಿಷಾ ಹೇಗೆ ಕಲಿಸುತ್ತಿದ್ದಳೆಂದು ನಿನಗೆ ಗೊತ್ತಲ್ಲ. ಅವರಪ್ಪ ತೀರಿಕೊಂಡ ಮೇಲೆ ಕಾಟನ್‌ಪೇಟೆಯ ಬಟ್ಟೆ ಅಂಗಡಿಯಲ್ಲಿ ನಾನೇ ಕೂರುವುದಾಯಿತು. ಗಿರಾಕಿಗಳ ಎದುರು ಅಮ್ಮ ಮೂಗಿಯ ಹಾಗೆ ಕೂರಬಾರದೆಂದು ಮಗಳಿಗೆ ಹಟ. ನಾನು ರೊಟ್ಟಿ ತಟ್ಟುವಾಗ ಅವಳೊಂದು ಪದ ಹೇಳಬೇಕು, ನಾನು ಅದರ ವಿರುದ್ಧ ಪದ ಹೇಳಬೇಕು. ಹಾಟ್ ಅಂದರೆ ಕೋಲ್ಡ್, ವೆಟ್ ಅಂದರೆ ಡ್ರೈ. ಉತ್ತರ ಬರುವವರೆಗೆ ಮುಂದಿನ ಪದಕ್ಕೆ ಹೋಗುತ್ತಿರಲಿಲ್ಲ, ಅದನ್ನೇ ಕೇಳುತ್ತಿದ್ದಳು. "ಗೊತ್ತಿಲ್ಲ ಬಿಡೇ" ಎಂದರೆ, "ಗೊತ್ತಿದೆ ನಿಂಗೆ, ಹೇಳಮ್ಮ" ಎನ್ನುತ್ತಿದ್ದಳು. ಮೊಂಡು ಮುಂಡೇದು.

ಸ್ಕೂಟರಿನಿಂದ ಬಿದ್ದು ಅವಳು ಹೋಗಿ ಎಂಟು ತಿಂಗಳಾಯಿತು. ಈಗಲೂ ಒಂಬತ್ತು ಗಂಟೆಗೆ, ಅವಳು ಕೆಲಸಕ್ಕೆ ಹೊರಡುತ್ತಿದ್ದ ಹೊತ್ತಿಗೆ, ಬಾಗಿಲ ಕಡೆಯಿಂದ ಅವಳ ದನಿ ಬರುತ್ತದೆ ಹಂಸಾ. ಭ್ರಮೆ ಅನ್ನು, ಏನಾದರೂ ಅನ್ನು. ಮೊದಲು ಹೆದರಿ ದೇವರ ಕೋಣೆಗೆ ಹೋಗಿ ಕೂರುತ್ತಿದ್ದೆ. ಈಗ ಉತ್ತರ ಕೊಡುತ್ತೇನೆ. ಬೀಗ ಹಾಕಿಬಿಟ್ಟರೆ ಅವಳು ಯಾರನ್ನು ಕೇಳುತ್ತಾಳೆ? ನಾನು ಬರುವುದಿಲ್ಲ, ಒತ್ತಾಯ ಮಾಡಬೇಡ.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಅಕ್ಕ,
ಸರ್ವಮಂಗಳಾ

ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ದಿನಾ ಅವಳು ಕೇಳುವುದು ಒಂದೇ ಪದ. ಅವಳು ಬಿದ್ದ ದಿನ ಬೆಳಿಗ್ಗೆ, ನಾನು ನೋಡಿದ್ದ ಗಂಡು ಬೇಡವೆಂದಳೆಂದು ಮುನಿಸಿಕೊಂಡಿದ್ದೆ. ನನ್ನನ್ನು ನಗಿಸಲು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು "ಅಮ್ಮ, ಗೋ?" ಎಂದಳು. ಕಮ್ ಎನ್ನಬೇಕಿತ್ತು. ಮೂರು ಸಲ ಕೇಳಿದಳು, ನಾನು ತಲೆ ಎತ್ತಲಿಲ್ಲ. ಹೊರಟವರಿಗೆ ಹೋಗಿ ಬಾ ಅನ್ನುತ್ತೇವಲ್ಲ, ಅದನ್ನೂ ಅನ್ನಲಿಲ್ಲ. "ಸರಿ, ಹೋಗ್ತೀನಿ" ಎಂದಳು. ಹಾಗನ್ನಬಾರದು, ಹೋಗಿ ಬರ್ತೀನಿ ಅನ್ನು ಎಂದು ಚಿಕ್ಕಂದಿನಿಂದ ತಿದ್ದಿದವಳು ನಾನೇ. ಅವತ್ತು ತಿದ್ದಲಿಲ್ಲ. ಈಗ ದಿನಾ ಬಾಗಿಲಿಗೆ ಹೋಗಿ ಕಮ್, ಕಮ್ ಎನ್ನುತ್ತೇನೆ. ಅವಳು ಮತ್ತೆ ಅದನ್ನೇ ಕೇಳುತ್ತಾಳೆ.