ಏಳನೇ ನಂಬರಿನ ಕಲ್ಲು

ಲಿಂಗಸುಗೂರು, ಗುರುವಾರ

ಪೂಜ್ಯ ಪಂಪಾಪತಿ ಸರ್ ಅವರಿಗೆ,

ಫೋನಿನಲ್ಲಿ ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ನಾನು ಕಳಿಸಿದ ಏಳನೇ ನಂಬರಿನ ಮರಳುಗಲ್ಲನ್ನು ಅಳೆದು, ಕೋಟಿಗಟ್ಟಲೆ ವರ್ಷಗಳ ಹಿಂದೆ ನಮ್ಮ ಖಂಡ ಇದ್ದಕ್ಕಿದ್ದಂತೆ ಮಗ್ಗುಲು ತಿರುಗಿತ್ತೆಂದು ನೀವು ಲೇಖನ ಬರೆದಿದ್ದೀರಂತೆ. ದಯವಿಟ್ಟು ಅದನ್ನು ಪತ್ರಿಕೆಗೆ ಕಳಿಸಬೇಡಿ.

ಮರಳು ಕಲ್ಲಾಗುವಾಗ ಅದರೊಳಗಿನ ಕಬ್ಬಿಣದ ಕಣಗಳು ಅಂದಿನ ಉತ್ತರ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತವೆ, ಚೆನ್ನಾಗಿ ಕಾಯಿಸಿದರೆ ಅದನ್ನು ಮರೆತು ತಣ್ಣಗಾಗುವಾಗಿನ ದಿಕ್ಕನ್ನೇ ಹಿಡಿಯುತ್ತವೆ ಎಂದು ನೀವೇ ಕಲಿಸಿದ್ದಿರಿ. ಅದು ನಿಜ ಸರ್.

ನಾನು ಬಾಡಿಗೆಗಿರುವ ಮನೆಯ ಯಮನಮ್ಮನವರಿಗೆ ಮೊಣಕಾಲು ನೋವು. ಅವರು ಕಲ್ಲನ್ನು ಕೆಂಡದಲ್ಲಿ ಕಾಸಿ, ಬಟ್ಟೆ ಸುತ್ತಿ ಶಾಖ ಕೊಟ್ಟುಕೊಳ್ಳುತ್ತಾರೆ. “ನಿನ್ನ ಚೀಲದಾಗಿನ ಕಲ್ಲು ಭಾಳ ಹೊತ್ತು ಬಿಸಿ ಹಿಡೀತೈತಿ ಬೇ,” ಎಂದರು. ಮಸಿ ತೊಳೆದು ವಾಪಸ್ ಕೊಟ್ಟರು. ಕಲ್ಲು ಸ್ವಲ್ಪ ಬಿಸಿಯಾದರೆ ಏನಾದೀತು ಎಂದು ನಾನು ಮತ್ತೆ ನಂಬರು ಬರೆದು ಕಳಿಸಿಬಿಟ್ಟೆ.

ಅವರನ್ನು ತಪ್ಪು ತಿಳಿಯಬೇಡಿ. ಮೊಣಕಾಲಿನ ಮಾತು ಸುಳ್ಳಲ್ಲ, ಆದರೆ ಅಂದು ಹಿಡಿದುಕೊಂಡಿದ್ದು ಹೊಳೆಯಾಚೆಯಿಂದ ಕಲ್ಲು ಹೊತ್ತು ತಂದ ನನ್ನ ಸೊಂಟ. “ಅಳ್ಳಾಡಬ್ಯಾಡ, ಸುಮ್ನ ಬೋರಲ ಮಕ್ಕೊ,” ಎಂದು ಅವರು ಹೇಳಿದ್ದರು. ಕಲ್ಲು ಬೆನ್ನ ಮೇಲೆ ಆರುತ್ತಿರುವಾಗ ನಾನು ಆ ಮಾತು ಕೇಳಲಿಲ್ಲ. ಖಂಡ ತಿರುಗಿಲ್ಲ ಸರ್, ತಿರುಗಿದ್ದು ನಾನು.

ಎಂಟನೆಯದನ್ನೂ ಅಳೆಯಬೇಡಿ. ಮರುದಿನವೂ ನೋವಿತ್ತು.

ಸೋಮವಾರ ಹೊಸ ಕಲ್ಲು ತರಲು ಹೋಗುತ್ತೇನೆ. ಏಳನೆಯದನ್ನು ಅಷ್ಟರೊಳಗೆ ವಾಪಸ್ ಕಳಿಸಿಕೊಡಿ. ಹೊತ್ತು ತಂದ ಮೇಲೆ ಬೇಕಾಗುತ್ತದೆ.

ನಿಮ್ಮ ಬೈಗುಳಕ್ಕೆ ಕಾದಿರುವ,
ಅಂಬಿಕಾ